ಅರ್ಧ ಸ್ವರ ಮೇಲೆ

ಇವತ್ತು ಬೀಗನ ಬಾಯಿ ಮುಚ್ಚಿಸಿಬಿಡಬೇಕು ಎಂದುಕೊಂಡೇ ಅವನು ಹಾಸಿಗೆಯಿಂದ ಎದ್ದಿದ್ದ. ಹಲ್ಲುಜ್ಜುವಾಗ, ಆ ಬಾಯೊಳಗಿನ ಎರಡೂ ಸಾಲು ಹಲ್ಲು ತನ್ನ ಕೈಯಲ್ಲೇ ತಯಾರಾದದ್ದು ಎಂಬುದು ನೆನಪಾಗಿ ಕನ್ನಡಿಯೊಳಗಿನ ನೊರೆ ತುಂಬಿದ ಮುಖಕ್ಕೆ ನಗು ಬಂತು. ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಬೀಗ ಎಂದರೆ ಮಗಳ ಮಾವ. ಅದಕ್ಕೂ ಮೊದಲು, ಇಬ್ಬರಿಗೂ ಮೀಸೆ ಸರಿಯಾಗಿ ಮೂಡದಿದ್ದ ಕಾಲದಲ್ಲಿ, ಇವನ ಬ್ಯಾಂಡಿನಲ್ಲಿ ಪಿಯಾನೋ ಬಾರಿಸುತ್ತಿದ್ದವನು. ಇವನೇ ಆಚೆ ದಬ್ಬಿದವನು. ಪೀಡೆ ತೊಲಗಿತು ಎಂದು ಮರೆತು ಕೂತಿದ್ದರೆ, ಅವನ ಮಗನನ್ನೇ ಮಗಳು ಹುಡುಕಿ ಹುಡುಕಿ ಮೆಚ್ಚಿಕೊಂಡು ಬಂದಳು. ಊರಲ್ಲಿ ಬೇರೆ ಗಂಡಸರೇ ಇರಲಿಲ್ಲವೇ? 'ಲೋ' ಎಂದು ಕರೆಯುತ್ತಿದ್ದವನನ್ನು 'ಬೀಗರೇ' ಎನ್ನಬೇಕಾಯಿತು. ಮೊದಲ ಸಲ ಆ ಮಾತು ಹೊರಡುವಾಗ, ಅಳತೆಗೆ ಸರಿಯಾಗದ ಹಲ್ಲಿನ ಸೆಟ್ಟು ಹಾಕಿಕೊಂಡವನ ಹಾಗೆ ನಾಲಿಗೆ ತಡವರಿಸಿತ್ತು. ಬೀಗನದೇನೂ ತಡವರಿಸಲಿಲ್ಲ. ಅವನು 'ಬೀಗರೇ' ಎನ್ನುವುದು ಬಾಯಲ್ಲಿ ಸಕ್ಕರೆ ಇಟ್ಟುಕೊಂಡವನ ಹಾಗೆ. ಹೆಂಗಸರೆಲ್ಲ ಎಷ್ಟು ಒಳ್ಳೆಯವರಪ್ಪ ಎನ್ನುತ್ತಾರೆ.

ಮನೆಯ ಹಿಂದಿನ ಕೋಣೆಯೇ ಅವನ ಕೆಲಸದ ಕೋಣೆ. ದಂತವೈದ್ಯರು ಕಳಿಸುವ ಅಚ್ಚುಗಳಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಶೆಲ್ಫಿನ ತುಂಬ ಪ್ಲಾಸ್ಟರಿನ ದವಡೆಗಳು, ಒಂದಕ್ಕೊಂದು ಕಚ್ಚಿಕೊಂಡು, ಹೆಸರು ಬರೆದ ಚೀಟಿ ಅಂಟಿಸಿಕೊಂಡು ಕೂತಿರುತ್ತವೆ. ಈ ಊರಿನ ಅರ್ಧ ಜನರ ನಗು ಇಲ್ಲಿಂದಲೇ ಹೋದದ್ದು ಎಂದು ಅವನು ಆಗಾಗ ಹೇಳಿಕೊಳ್ಳುವುದುಂಟು. ಬೀಗನದು ಬಂದಾಗ, ಸಂಬಂಧಿಕರಲ್ಲವೇ ಎಂದು ಡಾಕ್ಟರು ಕೊನೆಯ ಕಚ್ಚು ನೋಡಲು ಮನುಷ್ಯನನ್ನೇ ಕಳಿಸಿದ್ದರು. ಬೀಗ ಇದೇ ಕುರ್ಚಿಯಲ್ಲಿ ಕೂತು ಬಾಯಿ ತೆರೆದಿದ್ದ. ಹಲ್ಲುಗಳ ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸಿ ತೆಗೆದರೆ, ಎಲ್ಲಿ ಎತ್ತರ ಇದೆಯೋ ಅಲ್ಲಿ ನೀಲಿ ಚುಕ್ಕೆ ಬೀಳುತ್ತದೆ. ಅದನ್ನು ಉಜ್ಜಿ ತೆಗೆಯಬೇಕು. ಬಲಗಡೆಯ ದವಡೆಹಲ್ಲಿನ ಮೇಲೆ ಗಾಢವಾಗಿ ಬಿದ್ದಿತ್ತು. ಅವನು ಅದನ್ನು ನೋಡಿದ. ಉಜ್ಜುವ ಕಲ್ಲು ಕೈಯಲ್ಲೇ ಇತ್ತು. "ಸರಿಯಾಗಿದೆ ಬೀಗರೇ" ಎಂದು ಚುಕ್ಕೆಯನ್ನು ಹತ್ತಿಯಲ್ಲಿ ಒರೆಸಿಬಿಟ್ಟ. ಯಾಕೆ ಹಾಗೆ ಮಾಡಿದೆ ಎಂದು ಅವನಿಗೆ ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಕೈ ಹಾಗೆ ಮಾಡಿತು. ಅಂದಿನಿಂದ ಬೀಗ ಬಾಯಿ ಮುಚ್ಚಿದಾಗಲೆಲ್ಲ 'ಟಕ್' ಎಂದು ಸಣ್ಣ ಸದ್ದು. ಮಗಳ ಮನೆಯ ಊಟದ ಮೇಜಿನಲ್ಲಿ ಎದುರು ಕೂತು ಅವನು ಆ ಸದ್ದನ್ನು ತುತ್ತು ತುತ್ತಿಗೂ ಕೇಳುತ್ತಿದ್ದ. ಊಟ ರುಚಿಸುತ್ತಿತ್ತು.

ಇವತ್ತಿನ ಕಾರ್ಯಕ್ರಮ ಸಂಜೆ. ಹಳೆಯ ರೆಕಾರ್ಡು ಕೇಳುವ ಸಂಘದವರು ಊರಿನ ವಾಚನಾಲಯದ ಮೇಲಿನ ಹಾಲಿನಲ್ಲಿ ಚರ್ಚೆ ಇಟ್ಟಿದ್ದಾರೆ: ರಾಕ್ ಅಂಡ್ ರೋಲ್ ಹುಟ್ಟಿಸಿದ ಮೊದಲಿಗರಲ್ಲಿ ಯಾರ ಪ್ರಭಾವ ದೊಡ್ಡದು. ಆ ಮೊದಲಿಗರಲ್ಲಿ ಇವರಿಗೆ ಇಬ್ಬರೇ ಲೆಕ್ಕ. ಹೆಸರುಗಳು ಬಾಯಲ್ಲಿ ಸಲೀಸಾಗಿ ಹೊರಳದ ವಯಸ್ಸಿನಲ್ಲಿ ಬ್ಯಾಂಡಿನ ಹುಡುಗರು ಅವರಿಗೆ ಅಡ್ಡಹೆಸರು ಇಟ್ಟುಕೊಂಡಿದ್ದರು. ಗಿಟಾರಿನವನು 'ಮೇಷ್ಟ್ರು', ಏಕೆಂದರೆ ಎಷ್ಟೇ ಜೋರಾಗಿ ಹಾಡಿದರೂ ಒಂದೊಂದು ಮಾತೂ ಬೋರ್ಡಿನ ಮೇಲೆ ಬರೆದ ಹಾಗೆ ಕೇಳಿಸುತ್ತಿತ್ತು. ಪಿಯಾನೋದವನು 'ಹುಚ್ಚು ದೊರೆ', ಏಕೆಂದರೆ ಅವನು ಕೂತು ಬಾರಿಸುತ್ತಿರಲಿಲ್ಲ, ಕಿರುಚದೆ ಹಾಡು ಶುರುಮಾಡುತ್ತಿರಲಿಲ್ಲ. ಇವನು ಮೇಷ್ಟ್ರ ಪರ, ಬೀಗ ದೊರೆಯ ಪರ. ಚರ್ಚೆ ನಡೆಸಿಕೊಡುವವಳು ಮಗಳು. ಹಗಲು ವಿಮಾ ಕಚೇರಿಯಲ್ಲಿ ಕೆಲಸ, ಸಂಜೆ ಹಾಡು. ಈಗೀಗ ಅವಳ ಹಾಡು ಕೇಳಲು ಜನ ದುಡ್ಡು ಕೊಟ್ಟು ಬರುತ್ತಾರೆ. ಹೋದ ತಿಂಗಳು ರೇಡಿಯೋದವರು ಯಾರಿಂದ ಕಲಿತಿರಿ ಎಂದು ಕೇಳಿದಾಗ ಅವಳು ನಕ್ಕು, "ಎರಡೂ ಮನೆಯಿಂದ" ಎಂದುಬಿಟ್ಟಳು. ಎರಡೂ ಮನೆ! ತೊಡೆಯ ಮೇಲೆ ಕೂರಿಸಿಕೊಂಡು ಮೇಷ್ಟ್ರ ಹಾಡುಗಳನ್ನು ಸಾಲು ಸಾಲಾಗಿ ಬಾಯಿಗಿಟ್ಟವನು ಒಬ್ಬ, ಬೆಳೆದ ಮೇಲೆ ಕರೆದುಕೊಂಡುಹೋದವನು ಇನ್ನೊಬ್ಬ, ಇಬ್ಬರಿಗೂ ಸಮಪಾಲು. ರೇಡಿಯೋ ಆರಿಸಿ ಅವನು ಬಹಳ ಹೊತ್ತು ಪ್ಲಾಸ್ಟರ್ ಕಲಸುತ್ತ ಕೂತಿದ್ದ. ಅದು ಬಟ್ಟಲಲ್ಲೇ ಗಟ್ಟಿಯಾಯಿತು. ಮೇಷ್ಟ್ರೇ ದೊಡ್ಡವನು ಎಂದು ಇವತ್ತು ಸಾಬೀತಾದರೆ, ಮಗಳು ತುಂಬಿದ ಹಾಲಿನ ಮುಂದೆ ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ, 'ಅಪ್ಪನಿಂದ' ಎಂದು. ಅಷ್ಟು ಕೇಳಿದರೆ ಸಾಕು. ಮೇಷ್ಟ್ರು, ದೊರೆ, ಇಬ್ಬರೂ ಆಮೇಲೆ ಬೇಕಾದರೆ ಬಾವಿಗೆ ಬೀಳಲಿ.

ಹೊರಡುವ ಮೊದಲು ಒಂದು ಸಲ ಕೇಳಿಬಿಡೋಣ ಎಂದು ರೆಕಾರ್ಡ್ ಪ್ಲೇಯರಿನ ಮುಚ್ಚಳ ತೆಗೆದ. ಅಪ್ಪ ಕೊಡಿಸಿದ್ದ ಮಷೀನು. ಒಳಗೆ ಮೋಟಾರಿನ ಕಡ್ಡಿಗೆ ಒಂದು ರಬ್ಬರ್ ಚಕ್ರ ಒತ್ತಿಕೊಂಡು, ಆ ಚಕ್ರ ತಟ್ಟೆಯನ್ನು ತಿರುಗಿಸುತ್ತದೆ. ಬಹಳ ಹಿಂದೆ, ಚಕ್ರ ಜಾರುತ್ತಿದೆ ಎಂದು, ಅವನು ಕಡ್ಡಿಗೆ ಒಂದೇ ಒಂದು ಸುತ್ತು ಅಂಟುಟೇಪು ಸುತ್ತಿದ್ದ. ಜಾರುವುದು ನಿಂತಿತು, ಹಾಡಿಗೂ ಒಂದು ಚುರುಕು ಬಂದ ಹಾಗಾಯಿತು. ಟೇಪು ಸವೆದಾಗಲೆಲ್ಲ ಹೊಸದು ಸುತ್ತುತ್ತ ಬಂದಿದ್ದಾನೆ, ಅದೇ ಅಗಲ, ಅದೇ ದಪ್ಪ. ಬ್ಯಾಂಡು ಮುರಿದು ಹೋದರೂ ಟೇಪು ಬದಲಾಯಿಸುವುದು ತಪ್ಪಲಿಲ್ಲ.

"ಮತ್ತೆ ಅದನ್ನ ಸುತ್ತೋಕೆ ಕೂತ್ರಾ?" ಬಾಗಿಲಲ್ಲಿ ಹೆಂಡತಿ, ಒದ್ದೆ ಕೈ ಒರೆಸಿಕೊಳ್ಳುತ್ತ. "ಹೊಸದು ತಗೊಳ್ಳಿ ಅಂದ್ರೆ ಕೇಳಲ್ಲ."

"ಹೊಸದರಲ್ಲಿ ಜೀವ ಇರಲ್ಲ ಕಣೇ. ಅಂಗಡೀಲಿ ಹಾಕೋದು ಕೇಳಿದೀಯಾ? ರೇಡಿಯೋದೋರು ಹಾಕೋದು? ಎಲ್ಲ ನಿದ್ದೆಗಣ್ಣಲ್ಲಿ ಹಾಡಿದ ಹಾಗಿರತ್ತೆ. ಮಗಳ ಮನೇದೊಂದು ಪರವಾಗಿಲ್ಲ. ಥೇಟ್ ನಮ್ಮದರ ಹಾಗೇ ಹಾಡತ್ತೆ."

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ, "ಇವತ್ತು ಹೋಗ್ಲೇಬೇಕಾ?" ಎಂದಳು.

"ಯಾಕೆ, ನಿನ್ನ ಬೀಗರು ಸೋತ್ರೆ ನಿಂಗೆ ಸಂಕಟಾನಾ?"

ಅವಳು ಒಳಗೆ ಹೋದಳು. ಅವನು ಮೇಷ್ಟ್ರ ರೆಕಾರ್ಡು ಹಾಕಿ, ಅದಕ್ಕೆ ಸರಿಯಾಗಿ ಗಿಟಾರಿನ ತಂತಿಗಳನ್ನು ಒಂದೊಂದೇ ಬಿಗಿದು ಶ್ರುತಿ ಮಾಡಿಕೊಂಡ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ಕಿವಿ ತನ್ನದು ಎಂದು ಅವನಿಗೆ ಹೆಮ್ಮೆ. ಹಲ್ಲಿನ ಕೆಲಸವೂ ಅದನ್ನೇ ಕಲಿಸಿದ್ದು.

ಬಸ್ಸಿನಲ್ಲಿ ಗಿಟಾರಿನ ಪೆಟ್ಟಿಗೆಯನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕೂತರೆ ಪಕ್ಕದ ಹೆಂಗಸು ಮುಖ ಸಿಂಡರಿಸಿ ಕಾಲು ಎಳೆದುಕೊಂಡಳು. ಕ್ಷಮಿಸಿ ಎನ್ನಬೇಕೆಂದುಕೊಂಡು ಎನ್ನಲಿಲ್ಲ. ಬ್ಯಾಂಡಿನ ಕಾಲದಲ್ಲೂ ಹೀಗೇ, ಎಲ್ಲಿಗೆ ಹೋದರೂ ಈ ಪೆಟ್ಟಿಗೆ ಯಾರದೋ ಕಾಲಿಗೆ ತಾಗುತ್ತಿತ್ತು. ಮುಂದೆ ಬೀಗನಾದ ಹುಡುಗನಿಗೆ ಆ ತೊಂದರೆ ಇರಲಿಲ್ಲ. ಅವನ ಪಿಯಾನೋ ಟೈರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿರುತ್ತಿತ್ತು, ರಬ್ಬರಿನ ವಾಸನೆ ಕುಡಿಯುತ್ತ. ಅದೇ ಕೋಣೆಗೆ ಇವನು ಮಷೀನು ಹೊತ್ತು ತರುತ್ತಿದ್ದ. ರೆಕಾರ್ಡು ಹಾಕಿ ಅದರ ಜೊತೆಗೆ ಬಾರಿಸುವುದೇ ಅಭ್ಯಾಸ. ಗಿಟಾರು ಸರಿಯಾಗಿ ಕೂಡುತ್ತಿತ್ತು, ಪಿಯಾನೋ ಕೂಡುತ್ತಿರಲಿಲ್ಲ; ಎಲ್ಲೋ ಕೆಳಗೆ, ಕೆಸರಲ್ಲಿ ಕಾಲಿಟ್ಟ ಹಾಗೆ. "ಲೋ, ನಿನ್ನ ಪೆಟ್ಟಿಗೆ ಇಳಿದುಹೋಗಿದೆ ಕಣೋ" ಎಂದು ಮೊದಲು ನಗುತ್ತ, ಆಮೇಲೆ ನಗದೆ ಹೇಳಿದ. ಶ್ರುತಿ ಮಾಡುವ ಮುದುಕನನ್ನು ಕರೆಸಿದ್ದಾಯಿತು. ಮುದುಕ ಮಾಡಿಹೋದ ಮರುದಿನವೂ ಅದೇ ಕತೆ. ಮತ್ತೆ ಕರೆಸಿ, ರೆಕಾರ್ಡಿನಷ್ಟಕ್ಕೆ ಏರಿಸು ಎಂದು ಇವನೇ ತಲೆಯ ಮೇಲೆ ನಿಂತ. ಮುದುಕ ಬೇಡ ಎಂದ, ಹಳೆಯ ಮರ ತಡೆಯಲ್ಲ ಎಂದ. ಏರಿಸುತ್ತಿರುವಾಗ ತಂತಿಯೊಂದು ಹರಿದು ಛಟೀರೆಂದು ಹಾರಿ ಹುಡುಗನ ಕೆನ್ನೆ ಸೀಳಿತು. ರಕ್ತ ಒರೆಸಿಕೊಂಡು ಅವನು ನಕ್ಕದ್ದು ಯಾಕೆ? ಆ ವಾರದಲ್ಲೇ ಇವನು, ಡ್ರಮ್ಮಿನವನೂ ಟೈರ್ ಅಂಗಡಿಯವನೂ ಎಲ್ಲರೂ ಇರುವಾಗ, ಬಾಗಿಲಲ್ಲೇ ನಿಲ್ಲಿಸಿ ಹೇಳಿದ್ದ: "ಕಿವಿ ಇಲ್ಲದೋರಿಗೆ ಇಲ್ಲಿ ಕೆಲಸ ಇಲ್ಲ. ನಿನ್ನ ಪೆಟ್ಟಿಗೆ ಒಡೆದು ಒಲೆಗೆ ಹಾಕ್ಕೋ." ಹುಡುಗ ಏನೋ ಹೇಳಬೇಕೆಂದು ಬಂದವನ ಹಾಗೆ ಕಾಣುತ್ತಿದ್ದ. ಹೇಳದೆ ಹೋದ. ಕೆನ್ನೆಯ ಆ ಗೀರು ಈಗ ಸುಕ್ಕುಗಳಲ್ಲಿ ಸೇರಿಹೋಗಿದೆ. ಎಲ್ಲಿದೆ ಎಂದು ಇವನೊಬ್ಬನಿಗೇ ಗೊತ್ತು. ಹೆಂಗಸು "ಇಳೀಬೇಕು, ಸ್ವಲ್ಪ ನಿಮ್ಮ ಹೆಣದ ಪೆಟ್ಟಿಗೆ ಸರಿಸ್ತೀರಾ?" ಎಂದಾಗ ಅವನ ನಿಲ್ದಾಣವೂ ಬಂದಿತ್ತು.

ಹಾಲಿನ ಬಾಗಿಲಲ್ಲೇ ಬೀಗ ಎರಡೂ ಕೈ ಚಾಚಿ ನಿಂತಿದ್ದ. ಇಸ್ತ್ರಿ ಮಾಡಿದ ಕೋಟು. ಈಗ ಅವನದು ಡ್ರೈವಿಂಗ್ ಸ್ಕೂಲು. ಬಾಗಿಲಿಗೆ ಬಂದವರಲ್ಲಿ ಅರ್ಧ ಜನ ಅವನ ಹತ್ತಿರ ಗಾಡಿ ಕಲಿತವರೇ ಇರಬೇಕು, ಎಲ್ಲರೂ ನಮಸ್ಕಾರ ಹೇಳಿಕೊಂಡು ಹೋಗುತ್ತಿದ್ದರು.

"ಬನ್ನಿ ಬನ್ನಿ ಬೀಗರೇ. ಬಸ್ಸಲ್ಲಿ ಬಂದ್ರಾ? ಒಂದು ಫೋನ್ ಮಾಡಿದ್ರೆ ಸ್ಕೂಲ್ ಕಾರ್ ಕಳಿಸ್ತಿದ್ನಲ್ಲ."

"ಕಲಿಯೋರ ಕೈಲಿ ಪ್ರಾಣ ಕೊಡೋದಕ್ಕಿಂತ ಬಸ್ಸೇ ವಾಸಿ ಬೀಗರೇ."

"ಪಕ್ಕದ ಸೀಟಲ್ಲಿ ನಾನಿರ್ತೀನಲ್ಲ. ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರತ್ತೆ. ಕಲಿಯೋರಿಗೆ ಗೊತ್ತೂ ಆಗಲ್ಲ."

ಬೀಗ ಬಾಯಿ ಮುಚ್ಚಿದ. ಟಕ್ ಎನ್ನುವುದನ್ನು ಕಾದರೆ ಸದ್ದು ಬರಲಿಲ್ಲ. ಗಲಾಟೆಯಲ್ಲಿ ಕೇಳಿಸಲಿಲ್ಲವೇನೋ.

ಸಂಘದ ಕಾರ್ಯದರ್ಶಿ ಇಬ್ಬರನ್ನೂ ಪರಿಚಯಿಸಿದ. ಬೀಗ "ಹಿರಿಯ ಪಿಯಾನೋ ವಾದಕರು". ಇವನು "ನಮ್ಮೆಲ್ಲರ ಬಾಯಿಗೆ ಬೇಕಾದವರು, ಹಲ್ಲಿನೋರು". ಹಾಲು ನಕ್ಕಿತು. ಅವನೂ ನಗಬೇಕಾಯಿತು. ವೇದಿಕೆಯ ಎಡಕ್ಕೆ ಪಿಯಾನೋ, ಬಲಕ್ಕೆ ಮೇಜಿನ ಮೇಲೆ ಸಂಘದ ಹೊಸ ಟರ್ನ್‌ಟೇಬಲ್, ಅದರ ಪಕ್ಕ ಮಗಳು. ಅವಳು ಅಪ್ಪನ ಕಡೆ ನೋಡಿ ಕಣ್ಣಲ್ಲೇ 'ನೀರು ಕುಡಿದೆಯಾ' ಎಂದು ಕೇಳಿದಳು. ಅವನಿಗೆ ಧೈರ್ಯ ಬಂತು. ಮಾತು ಚೆನ್ನಾಗಿಯೇ ಹೊರಟಿತು. ಪ್ರಭಾವ ಅಂದರೆ ಏನು ಸ್ವಾಮಿ? ದೊರೆ ಕಿರುಚಿದ, ಕಿರುಚಾಟವನ್ನು ಯಾರೂ ಕಲಿಯಲಾಗುವುದಿಲ್ಲ, ಬೆಚ್ಚಿಬೀಳಬಹುದು ಅಷ್ಟೆ. ಮೇಷ್ಟ್ರು ಹಾಗಲ್ಲ. ಒಂದು ಗಿಟಾರು, ಒಂದು ಬಾಯಿ ಇರುವ ಯಾವ ಬಡಪಾಯಿಯೂ ಅವನ ಹಾಡನ್ನು ಮನೆಗೆ ತಂದುಕೊಳ್ಳಬಹುದು. ಅವನ ಆ ಚುರುಕು, ಕಂಠವನ್ನು ಅಷ್ಟು ಮೇಲಕ್ಕೆ ಎಳೆದು ನಿಲ್ಲಿಸುವ ಆ ಸಿಟ್ಟು, ಅದೇ ಮುಂದೆ ಬಂದವರಿಗೆಲ್ಲ ಹಾದಿಯಾಯಿತು. ಸಾಕ್ಷಿ ಬೇಕಾದರೆ ದೂರ ಹೋಗಬೇಡಿ, ಈ ಹಾಲಿನಲ್ಲೇ ಒಂದು ಕಂಠ ಇದೆ ಎಂದು ಮಗಳ ಕಡೆ ಕೈ ತೋರಿಸಿದ. ಮಗಳು ತಲೆ ತಗ್ಗಿಸಿದಳು, ಸಂಕೋಚ ಎಂದುಕೊಂಡ. "ಕೇಳಿ" ಎಂದು ತಾನು ತಂದ ರೆಕಾರ್ಡನ್ನು ಅವಳ ಕೈಗೆ ಕೊಟ್ಟ.

ಹಾಡು ಶುರುವಾಯಿತು. ಅದು ಮೇಷ್ಟ್ರಾಗಿರಲಿಲ್ಲ. ಊಟ ಮಾಡಿ ಮಲಗೆದ್ದ ಯಾವನೋ ನಡುವಯಸ್ಸಿನವನು, ಸಿಟ್ಟಿಲ್ಲ, ಅವಸರವಿಲ್ಲ, ನಗುನಗುತ್ತ ಹಾಡುತ್ತಿದ್ದ.

"ನಿಲ್ಸಿ, ನಿಲ್ಸಿ. ಮಷೀನ್ ನಿಧಾನ ಓಡ್ತಿದೆ."

ಕಾರ್ಯದರ್ಶಿ ಬಂದು ಬಗ್ಗಿ ನೋಡಿದ. "ಇಲ್ವಲ್ಲ ಸಾರ್. ತಟ್ಟೆ ಅಂಚಲ್ಲಿ ಚುಕ್ಕೆ ಇದೆ ನೋಡಿ, ದೀಪದ ಬೆಳಕಲ್ಲಿ ಅದು ನಿಂತ ಹಾಗೆ ಕಂಡ್ರೆ ವೇಗ ಸರಿ ಅಂತ. ನಿಂತಿದೆ."

"ನಿಮ್ಮ ಚುಕ್ಕೆ ಅಲ್ಲಿರ್ಲಿ. ನಾನು ಹುಟ್ಟಿದಾಗಿಂದ ಕೇಳ್ತಿದೀನಿ ಈ ಹಾಡು." ಗಿಟಾರನ್ನು ಎತ್ತಿಕೊಂಡು, ಹಾಡು ಓಡುತ್ತಿರುವಾಗಲೇ ಜೋರಾಗಿ ಮೀಟಿದ. ಹೊರಡುವ ಮೊದಲು ಇದೇ ರೆಕಾರ್ಡಿಗೆ ಕೂಡಿಸಿದ ತಂತಿಗಳು. ಹಾಲಿನ ತುಂಬ ಹಲ್ಲು ಜುಮ್ಮೆನ್ನುವಂಥ ಅಪಸ್ವರ ಹರಡಿತು. ಮುಂದಿನ ಸಾಲಿನ ಒಬ್ಬಳು ಕಿವಿ ಮುಚ್ಚಿಕೊಂಡಳು. ಹಿಂದೆ ಯಾರೋ, "ಹಲ್ಲಿನೋರೇ, ಗಿಟಾರಿಗೂ ಒಂದು ಸೆಟ್ ಮಾಡ್ಸಿ" ಎಂದ. ಅವನ ಕಿವಿಯವರೆಗೂ ಬಿಸಿ ಏರಿತು. ತಾನು ಸರಿ, ಇಡೀ ಹಾಲು ತಪ್ಪು ಎನ್ನುವಷ್ಟರಲ್ಲಿ ಬೀಗ ಕೂತಲ್ಲಿಂದಲೇ ಮೆತ್ತಗೆ, "ಬೀಗರು ಹೇಳೋದು ಸರಿ. ಸ್ವಲ್ಪ ಏರಿಸಮ್ಮ" ಎಂದ. ಮಗಳ ಕೈ ಆಗಲೇ ಟರ್ನ್‌ಟೇಬಲ್ಲಿನ ಪಕ್ಕದ, ವೇಗ ಬದಲಿಸುವ ಗುಂಡಿಯ ಮೇಲಿತ್ತು. ಅವಳು ಹುಡುಕಲಿಲ್ಲ, ಹಿಂದೆ ಮುಂದೆ ಮಾಡಿ ನೋಡಲಿಲ್ಲ, ಕಿವಿ ಕೊಡಲೂ ಇಲ್ಲ. ಕತ್ತಲಲ್ಲಿ ತನ್ನ ಮನೆಯ ದೀಪದ ಸ್ವಿಚ್ಚು ಒತ್ತುವವಳ ಹಾಗೆ ಒಮ್ಮೆಲೇ ಮೇಲಕ್ಕೆ ಸರಿಸಿ ನಿಲ್ಲಿಸಿದಳು. ಮೇಷ್ಟ್ರು ಬಂದ. ಆ ಚುರುಕು, ಆ ಸಿಟ್ಟು, ಗಿಟಾರಿಗೆ ಕರಾರುವಾಕ್ಕಾಗಿ ಕೂಡುವ ಆ ಶ್ರುತಿ. ದೀಪದ ಬೆಳಕಲ್ಲಿ ತಟ್ಟೆಯ ಚುಕ್ಕೆಗಳು ಮಾತ್ರ ಇರುವೆ ಸಾಲಿನ ಹಾಗೆ ಓಡತೊಡಗಿದವು.

ಅವನು ಮಗಳ ಬೆರಳುಗಳನ್ನೇ ನೋಡುತ್ತ ನಿಂತ. ತನ್ನ ಮಷೀನಿನೊಳಗಿನ ಆ ಒಂದು ಸುತ್ತು ಟೇಪು ನೆನಪಾಯಿತು. ಮಗಳ ಮನೆಗೆ ಹೋದಾಗಲೆಲ್ಲ ಅಳಿಯ "ಮಾವ ಬಂದ್ರು" ಎಂದು ಎದ್ದವನು ಮೊದಲು ಒಳಕೋಣೆಗೆ ಹೋಗುತ್ತಿದ್ದ. ಮಷೀನಿನ ಮೇಲೆ ಧೂಳು, ಒರೆಸಿ ಬರ್ತೀನಿ ಎನ್ನುತ್ತಿದ್ದ. ಎಂಥ ಶಿಸ್ತಿನ ಹುಡುಗ ಎಂದು ಇವನೇ ಹೆಂಡತಿಯ ಹತ್ತಿರ ಹೊಗಳಿದ್ದ. ಹೆಂಡತಿ ಏನೂ ಹೇಳಿರಲಿಲ್ಲ. ಅಂದರೆ ಅವಳಿಗೂ ಗೊತ್ತಿತ್ತು. ಸೊಂಟ ನೋವಿನ ಮುದುಕ ಬರುತ್ತಾನೆಂದು ಮೆತ್ತನೆಯ ಕುರ್ಚಿ ಹಾಕಿಡುವ ಹಾಗೆ, ಇಡೀ ಸಂಸಾರ ಸೇರಿ ಅವನಿಗಾಗಿ ಒಂದು ಸುಳ್ಳಿನ ಹಾಡು ಹಾಕಿಡುತ್ತಿತ್ತು. ಮಾತು ಹೇಗೆ ಮುಗಿಸಿದನೋ ತಿಳಿಯದು. ಚಪ್ಪಾಳೆ ಬಿತ್ತು, ಆ ಚಪ್ಪಾಳೆಯಲ್ಲೂ ಯಾವುದೋ ಗುಂಡಿ ಏರಿಸಿದ್ದಾರೆ ಅನ್ನಿಸಿತು.

ಬೀಗ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡ. ಈಗ ಹೇಳುತ್ತಾನೆ, ಎಲ್ಲರ ಮುಂದೆ ಟೇಪಿನ ಕತೆ ಬಿಚ್ಚುತ್ತಾನೆ ಎಂದು ಇವನು ಹಲ್ಲು ಕಚ್ಚಿ ಕಾದ. "ಇದರಲ್ಲಿ ವಾದ ಮಾಡೋಕೆ ಏನಿದೆ?" ಎಂದ ಬೀಗ. "ನಮ್ಮ ಬೀಗರು ಹೇಳಿದ್ದೇ ಸರಿ. ಮೇಷ್ಟ್ರೇ ದೊಡ್ಡೋನು. ನಾನು ದೊರೆ ಥರ ಕೂಗೋಕೆ ಹೋದೆ, ಪಕ್ಕದ ಮನೆಯೋರು ಬೈದ್ರು, ಕಾರ್ ಕಲಿಸೋಕೆ ಹೋದೆ." ಹಾಲು ಹೊಟ್ಟೆ ತುಂಬ ನಕ್ಕಿತು. ಅಷ್ಟೇ ಹೇಳಿ ಕೂತುಬಿಟ್ಟ. ಗೆಲುವನ್ನು ಹೀಗೆ ತಟ್ಟೆಗೆ ಭಿಕ್ಷೆ ಹಾಕಿದ ಹಾಗೆ ಹಾಕಿಬಿಟ್ಟ. ಅವನ ಕತ್ತು ಹಿಸುಕಬೇಕೆನ್ನಿಸಿತು.

ಚಹಾದ ಬಿಡುವಿನಲ್ಲಿ ಮೆಟ್ಟಿಲ ತಿರುವಿನಲ್ಲಿ ಬೀಗ ಸಿಕ್ಕ. ಕೈಯಲ್ಲಿ ಲೋಟ, ಬಿಸ್ಕತ್ತು.

"ಯಾವಾಗಿಂದ ಗೊತ್ತು?"

"ಏನು ಬೀಗರೇ?"

"ನಾಟಕ ಬೇಡ."

ಬೀಗ ಮೆಟ್ಟಿಲ ಕೆಳಗೆ ಮೇಲೆ ನೋಡಿಕೊಂಡ. "ಆಗಿಂದಾನೇ. ತಂತಿ ಕಿತ್ತುಹೋದ ದಿನ ಆ ಮುದುಕ ನನ್ನ ಪಕ್ಕಕ್ಕೆ ಕರ್ಕೊಂಡು ಹೋಗಿ ಹೇಳಿದ, ನಿನ್ನ ಪೆಟ್ಟಿಗೆ ಸರಿಯಾಗಿದೆ ಮಗ, ಆ ಮಷೀನ್ ಹೊಟ್ಟೆ ತೆಗೆದು ನೋಡು ಅಂತ. ನೀವು ಇಲ್ಲದಾಗ ತೆಗೆದು ನೋಡ್ದೆ. ಒಂದು ಸುತ್ತು ಟೇಪು. ಕಡ್ಡಿ ದಪ್ಪ ಆದ್ರೆ ತಟ್ಟೆ ಜೋರು. ಅರ್ಧ ಸ್ವರ ಮೇಲೆ."

"ಹೇಳಲಿಲ್ಲ ಯಾಕೆ?"

"ಹೇಳೋಕೆ ಅಂತಾನೇ ಬಂದೆ ಅವತ್ತು. ಬಾಗಿಲಲ್ಲಿ ನಿಲ್ಲಿಸಿ, ಒಡೆದು ಒಲೆಗೆ ಹಾಕ್ಕೋ ಅಂದ್ರಿ. ಸರಿ, ಇರಲಿ ಇವನು ಹೀಗೇ ಅಂತ ಸುಮ್ಮನಾದೆ. ಸುಳ್ಳು ಯಾಕೆ ಹೇಳ್ಲಿ, ಖುಷಿಯಾಗ್ತಿತ್ತು. ನೀವು ಎಲ್ಲಿ ಮೇಷ್ಟ್ರ ಮೇಲೆ ಭಾಷಣ ಮಾಡಿದ್ರೂ ಬಂದು ಹಿಂದಿನ ಸಾಲಲ್ಲಿ ಕೂತು ಕೇಳ್ತಿದ್ದೆ. ಆ ಸಿಟ್ಟು, ಆ ಎತ್ತರ ಅಂತೀರಲ್ಲ, ಅದನ್ನ ಕೇಳೋಕೇ ಬರ್ತಿದ್ದೆ."

"ನನ್ನ ಮಗಳಿಗೆ ನೀನೇ... ನೀವೇ ಹೇಳಿದ್ದು."

"ಇಲ್ಲ. ಅದೊಂದು ಪಾಪ ನಂದಲ್ಲ. ಮದುವೆಯಾಗಿ ಬಂದು ಮೊದಲ ಸಲ ನನ್ನ ಪಿಯಾನೋ ಪಕ್ಕ ಹಾಡೋಕೆ ನಿಂತ್ಲು, ಎತ್ಕೊಂಡಿದ್ದು ಅರ್ಧ ಸ್ವರ ಮೇಲೆ. ತಾನೇ ನಿಲ್ಲಿಸಿದ್ಲು, ತಾನೇ ಕೂತು ಯೋಚನೆ ಮಾಡಿದ್ಲು, ತಾನೇ ಕಂಡುಹಿಡಿದ್ಲು. ಅಪ್ಪಂಗೆ ಹೇಳಬೇಡಿ ಮಾವ ಅಂದ್ಲು. ಆ ಗುಂಡಿ ಏರಿಸೋದು ಅವಳದೇ ಉಪಾಯ. ಇವತ್ತಿಗೂ ಆ ಹಾಡು ಅವಳ ಗಂಟಲಿಗೆ ಅಲ್ಲೇ ಬರೋದು. ನಾನೇ ಆ ಅರ್ಧ ಸ್ವರ ಏರಿಸಿ ಕಪ್ಪು ಕೀಗಳ ಮೇಲೆ ಕಲಿತ್ಕೊಂಡೆ, ಅವಳಿಗೋಸ್ಕರ." ಬೀಗ ಬಿಸ್ಕತ್ತು ಕಚ್ಚಿ ಅಗಿದ. ಸದ್ದಿಲ್ಲ. ಇವನು ಆ ದವಡೆಯನ್ನೇ ನೋಡುತ್ತಿದ್ದುದನ್ನು ಕಂಡು ನಕ್ಕ. "ಓ, ಅದಾ? ಬೇರೆ ಕಡೆ ಉಜ್ಜಿಸ್ಕೊಂಡೆ. ಒಂದು ಚೂರು ಎತ್ತರ ಇತ್ತಂತೆ. ನಿಮ್ಮಂಥ ಕೈಗೆ ಅದು ಗೊತ್ತಾಗ್ಲಿಲ್ಲ ಅಂದ್ರೆ ನಾನು ನಂಬ್ತೀನಾ ಬೀಗರೇ?" ಇವನು ಮಾಡಿದ ಹಲ್ಲುಗಳನ್ನು ಇವನಿಗೇ ತೋರಿಸುತ್ತ, ಲೋಟ ಕಿಟಕಿಯ ಅಂಚಿನಲ್ಲಿಟ್ಟು ಮೇಲೆ ಹೋದ.

ಇಷ್ಟಾದರೂ ಬೀಗನಿಗೆ ತನ್ನ ಮೇಲಿದ್ದ ದ್ವೇಷ ಇವನಿಗೆ ಅರ್ಥವಾಗುವಂಥದು. ಅದು ಇವನೇ ಬಿತ್ತಿದ ಬೆಳೆ, ಹದವಾಗಿ ಬಂದಿದೆ, ಕೊಯ್ದುಕೊಂಡ. ಅರ್ಥವಾಗದ್ದು ಮಗಳದು. ಅವಳೂ ಇಷ್ಟು ದಿನ ಎದುರು ಕೂತು, ಅಪ್ಪ ತಲೆ ಅಲ್ಲಾಡಿಸುತ್ತ ಕೇಳುವುದನ್ನು ನೋಡುತ್ತಿದ್ದಳಲ್ಲ, ಆಗ ಅವಳೊಳಗೆ ಏನಿತ್ತು? ಕರುಣೆಯೇ? ಕರುಣೆಯಾದರೆ ಅದು ನಗುವಿಗಿಂತ ಕೀಳು. ನಗುವೇ? ಮೆಟ್ಟಿಲ ಗೋಡೆಗೆ ಹಣೆ ಒತ್ತಿ ನಿಂತ. ಸುಣ್ಣ ತಣ್ಣಗಿತ್ತು. ಮನೆಗೆ ಹೊರಟುಬಿಡಬೇಕು ಅನ್ನಿಸಿತು. ಗಿಟಾರು ಮೇಲೆ ಉಳಿದಿತ್ತು.

ಕೊನೆಯಲ್ಲಿ ಮೂವರೂ ಸೇರಿ ಮೇಷ್ಟ್ರ ಹಾಡು ನುಡಿಸುವುದೆಂದು ಮೊದಲೇ ಗೊತ್ತಾಗಿತ್ತು. ಮಗಳು ಪಕ್ಕಕ್ಕೆ ಬಂದು, ಮೈಕಿಗೆ ಕೈ ಮುಚ್ಚಿ, ತಗ್ಗಿದ ದನಿಯಲ್ಲಿ, "ಅಪ್ಪ, ತಂತಿ ಇಳಿಸೋಕೆ ಹೋಗಬೇಡ. ಹಾಗೇ ಇರಲಿ. ಮೊದಲ ಸಾಲು ನಾನೊಬ್ಬಳೇ ಎತ್ಕೋತೀನಿ, ನಿನ್ನ ಶ್ರುತಿಗೇ. ಎರಡನೇ ಸಾಲಿಗೆ ನೀವಿಬ್ಬರೂ ಬನ್ನಿ. ಮಾವ ಏರಿಸ್ಕೋತಾರೆ" ಎಂದಳು. ಮಾವ ಏರಿಸ್ಕೋತಾರೆ! ಬೀಗ ಪಿಯಾನೋದ ಮುಂದೆ ಕೂತು ಆಗಲೇ ಕೈಗಳನ್ನು ಕಪ್ಪು ಕೀಗಳ ಮೇಲೆ ಇಟ್ಟುಕೊಂಡು, ತನ್ನ ಬ್ರೇಕಿನ ಮೇಲೆ ಕಾಲಿಟ್ಟವನ ಹಾಗೆ ಕಾಯುತ್ತಿದ್ದ. ಕೆಳಗಿನಿಂದ ಯಾರೋ ಹೆಂಗಸು ಎದ್ದು ಮಗಳನ್ನು, "ನೀವು ಹೇಳಲೇ ಇಲ್ಲ. ನೀವು ಹಾಡೋಕೆ ಕಲಿತಿದ್ದು ಯಾರಿಂದ?" ಎಂದು ಕೇಳಿದಳು. ಇಷ್ಟು ದಿನ ಕಾದ ಪ್ರಶ್ನೆ. ಅವನ ಕೈ ಗಿಟಾರಿನ ಕೊರಳನ್ನು ಬಿಗಿಯಾಗಿ ಹಿಡಿಯಿತು. ಮಗಳು ಜನರ ಕಡೆ ತಿರುಗಿ, "ನಮ್ಮಪ್ಪನ ಮಷೀನಿಂದ" ಎಂದಳು.

ಜನ ನಕ್ಕರು. ಅವಳು ನಕ್ಕಳೋ ಇಲ್ಲವೋ, ಬೆನ್ನು ಮಾತ್ರ ಇವನ ಕಡೆಗಿತ್ತು. ಅಪ್ಪನಿಂದ ಅಲ್ಲ. ಮಷೀನಿನಿಂದ.  ಮಷೀನಾದರೆ ಮಷೀನು, ಅದನ್ನು ಇಲ್ಲೇ ಕಳಚಿಡುತ್ತೇನೆ. ನನಗೆ ಯಾರೂ ಗುಂಡಿ ಏರಿಸುವುದು ಬೇಕಾಗಿಲ್ಲ, ಯಾರ ಕಪ್ಪು ಕೀಯ ದಾನವೂ ಬೇಕಾಗಿಲ್ಲ. ಅವಳು ಜನರೊಂದಿಗೆ ಇನ್ನೂ ಮಾತಾಡುತ್ತಿರುವಾಗಲೇ ಅವನು ಗಿಟಾರಿಗೆ ಕಿವಿ ತಾಗಿಸಿ, ಬಿರಡೆಗಳನ್ನು ತಿರುಗಿಸಿ, ತಂತಿಗಳನ್ನು ಸದ್ದಿಲ್ಲದೆ ಒಂದೊಂದಾಗಿ ಅರ್ಧ ಸ್ವರ ಇಳಿಸಿದ. ಕಿವಿ ತನ್ನದು, ತಪ್ಪುವುದಿಲ್ಲ. ತಲೆ ಎತ್ತಿದಾಗ ಬೀಗ ಇವನ ಬೆರಳುಗಳನ್ನೇ ನೋಡುತ್ತಿದ್ದ. ಹುಬ್ಬು ಗಂಟಿಕ್ಕಿತು. ಆಮೇಲೆ ಬೀಗನ ಕೈಗಳೂ, ನಿನ್ನಿಷ್ಟ ಎನ್ನುವ ಹಾಗೆ, ಕಪ್ಪು ಕೀಗಳಿಂದ ಜಾರಿ ತಮ್ಮ ಮಾಮೂಲಿ ಜಾಗಕ್ಕೆ ಇಳಿದವು. ಮಗಳು ಇದಾವುದನ್ನೂ ನೋಡಲಿಲ್ಲ. ಅವಳು ಹಾಲಿನ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ಮೊದಲ ಸಾಲು ಎತ್ತಿಕೊಂಡಳು. ಒಬ್ಬಳೇ.

ಎಲ್ಲಿಂದ ಎತ್ತಿಕೊಂಡಳು! ತೊಡೆಯ ಮೇಲೆ ಕೂತು ಕಲಿತ ಅದೇ ಜಾಗದಿಂದ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆ ಚುರುಕು, ಆ ಸಿಟ್ಟು. ಪ್ರಪಂಚದ ಯಾವ ರೆಕಾರ್ಡಿನಲ್ಲೂ ಇಲ್ಲದ ಮೇಷ್ಟ್ರು ಅವಳ ಗಂಟಲಲ್ಲಿ ಮಾತ್ರ ಇದ್ದ. ಅವನಿಗೆ ಅದು ತಿಳಿಯುವುದಕ್ಕೂ ಎರಡನೇ ಸಾಲು ಬರುವುದಕ್ಕೂ ಸರಿಹೋಯಿತು. ಕೈ ಅಭ್ಯಾಸಬಲದಿಂದ ಬಿತ್ತು. ಪಿಯಾನೋವೂ ಬಿತ್ತು. ಟೈರ್ ಅಂಗಡಿಯ ಹಿಂದೆ ಎಂದೂ ಕೂಡದ ಗಿಟಾರು ಪಿಯಾನೋ ಎರಡೂ ಇವತ್ತು, ಗಂಡ ಹೆಂಡಿರ ಹಾಗೆ, ಒಂದೇ ಶ್ರುತಿಯಲ್ಲಿ ಕೂಡಿದವು. ಮಗಳು ಮಾತ್ರ ಅರ್ಧ ಸ್ವರ ಮೇಲೆ ಒಬ್ಬಳೇ ನಿಂತಿದ್ದಳು. ಇಡೀ ಹಾಲಿನಲ್ಲಿ ತಪ್ಪಿದವಳು ಅವಳೊಬ್ಬಳೇ ಎಂಬಂತೆ ಕೇಳಿಸಿತು. ಅವಳು ಕಣ್ಣು ತೆರೆದಳು. ದನಿ ಇಳಿಸಲಿಲ್ಲ, ನಿಲ್ಲಿಸಲಿಲ್ಲ. ಹಿಂದಕ್ಕೆ ತಿರುಗಿ ಅಪ್ಪನನ್ನು ನೋಡಿದಳು. ಕೋಣೆಯಲ್ಲಿ ಒಬ್ಬಳನ್ನೇ ಬಿಟ್ಟು ದೀಪ ಆರಿಸಿದಾಗ ಚಿಕ್ಕಂದಿನಲ್ಲಿ ನೋಡುತ್ತಿದ್ದ ಹಾಗೆ. ಅವನ ಬೆರಳುಗಳು ತಂತಿಯ ಮೇಲೆ ಮರಗಟ್ಟಿದವು.

"ಲೋ!" ಎಂದು ಬೀಗ ಕೂಗಿದ. ಬೀಗರೇ ಅಲ್ಲ, ನೀವು ಅಲ್ಲ. ಕೆನ್ನೆಯಲ್ಲಿ ರಕ್ತ ಇದ್ದ ಹುಡುಗನ ಗಂಟಲು ಅದು. "ಲೋ, ಏನ್ ನೋಡ್ತೀಯೋ, ಒಂದು ಮನೆ ಮೇಲೆ ಹಿಡಿಯೋ! ಮಗು ಒಬ್ಳೇ ಇದಾಳೆ!"

ಕೈ ಏರಿತು. ಗಿಟಾರಿನ ಕೊರಳಲ್ಲಿ ಒಂದು ಮನೆ, ಅಂದರೆ ಅರ್ಧ ಸ್ವರ, ಮೇಲಕ್ಕೆ ಸರಿದು, ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಒತ್ತಿ ಹಿಡಿಯಿತು. ಅದೇ ಏಟಿಗೆ ಪಿಯಾನೋ ಕಪ್ಪು ಕೀಗಳ ಮೇಲೆ ಹಾರಿತು. ಮೂರೂ ಒಂದಾದಾಗ, ಇದೇನೋ ಬೇಕೆಂದೇ ಮಾಡಿದ ಚಮತ್ಕಾರ ಎಂದುಕೊಂಡು ಹಾಲು ಎದ್ದು ನಿಂತು ಸಿಳ್ಳೆ ಹೊಡೆಯಿತು. ಮಗಳು ಮತ್ತೆ ಜನರ ಕಡೆ ತಿರುಗಿಕೊಂಡಳು. ಬೆರಳು ಉರಿಯುತ್ತಿತ್ತು, ಹಾಡು ಮುಗಿಯುವವರೆಗೂ ಅವನು ಅದನ್ನು ಸಡಿಲಿಸಲಿಲ್ಲ. ಆ ಮನುಷ್ಯ ಹೇಳಿದ ಕೂಡಲೇ ತನ್ನ ಕೈ ಕೇಳಿತಲ್ಲ, ಇದೊಂದಕ್ಕೆ ಅವನನ್ನು ಸಾಯುವವರೆಗೂ ಕ್ಷಮಿಸುವುದಿಲ್ಲ ಎಂದುಕೊಂಡ.